ಮುದ್ರಿಸಿಕೊಂಡ ದನಿಯ ಲೆಕ್ಕ

ಕಾಲ್ ಸೆಂಟರ್ ಕೆಲಸಗಳನ್ನು ಯಂತ್ರ ನುಂಗುತ್ತಿದೆ ಎಂಬ ಸುದ್ದಿಗೆ ನಮ್ಮಲ್ಲಿ ಮರುಗಿದವರು ಕಡಿಮೆ. ‘ಹೋದರೆ ಹೋಗಲಿ ಬಿಡಿ, ಅದೂ ಒಂದು ಕೆಲಸವಾ’ ಎಂಬ ಧಾಟಿ ಓದಿಕೊಂಡವರ ಮನೆಗಳಲ್ಲಿ ಮೊದಲಿನಿಂದಲೂ ಇದ್ದದ್ದೇ. ರಾತ್ರಿಯೆಲ್ಲ ಎಚ್ಚರವಿದ್ದು, ರಮೇಶ ರಾಬರ್ಟನಾಗಿ, ಕಾಣದ ಊರಿನವರ ಬೈಗುಳ ಕೇಳಿಸಿಕೊಂಡು ತರುವ ಸಂಬಳಕ್ಕೆ ಬೆಂಗಳೂರು ಎಂದೂ ಮರ್ಯಾದೆ ಕೊಡಲಿಲ್ಲ. ಬುದ್ಧಿವಂತರು ‘ಸೈಬರ್ ಕೂಲಿ’ ಎಂದರು, ಹಿರಿಯರು ಸಂಸ್ಕೃತಿ ಹಾಳಾಯಿತೆಂದು ಗೊಣಗಿದರು, ಸಾಫ್ಟ್‌ವೇರ್ ಎಂಜಿನಿಯರುಗಳಂತೂ ತಾವು ‘ಅವರಲ್ಲ’ ಎಂದು ಸ್ಪಷ್ಟಪಡಿಸುವುದನ್ನು ಮರೆಯಲಿಲ್ಲ. ಹಾಗಾಗಿ, ಯಂತ್ರಕ್ಕೆ ತಕ್ಕ ಕೆಲಸ ಯಂತ್ರಕ್ಕೇ ಹೋಯಿತು ಎಂದು ಈಗ ಕೈತೊಳೆದುಕೊಳ್ಳುವುದು ಸುಲಭವಾಗಿದೆ.

ಆ ಕೆಲಸವನ್ನು ಯಂತ್ರಕ್ಕೆ ಕಲಿಸಿದವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಹೋಗುತ್ತಿರುವುದೇನು ಎಂದು ನೋಡೋಣ. ಬ್ರಿಟಿಷ್ ಏರ್‌ವೇಸ್ 1996ರಲ್ಲಿ ಮುಂಬೈಯಲ್ಲಿ ತನ್ನ ಹಿಂಬದಿ ಕಚೇರಿ ತೆರೆಯಿತು. ಮರುವರ್ಷ ಜನರಲ್ ಎಲೆಕ್ಟ್ರಿಕ್ ಗುರುಗ್ರಾಮಕ್ಕೆ ಬಂತು. ಬೆಂಗಳೂರಿನಲ್ಲಿ 2000ದಲ್ಲಿ ಪಿ.ವಿ. ಕಣ್ಣನ್ ಮತ್ತು ಎಸ್. ನಾಗರಾಜನ್ ‘24/7 ಕಸ್ಟಮರ್’ ಶುರುಮಾಡಿದರು. 2002ರಲ್ಲಿ ವಿಪ್ರೋ ಸ್ಪೆಕ್ಟ್ರಾಮೈಂಡ್ ಕಂಪನಿಯನ್ನು ಕೊಂಡಿತು, ಇನ್ಫೋಸಿಸ್ ಪ್ರೊಜಿಯಾನ್ ಕಟ್ಟಿತು, ಮುಂದೆ ಎಂಫಸಿಸ್ ಮಂಗಳೂರಿಗೂ ಕಾಲಿಟ್ಟಿತು. ಎಂಜಿನಿಯರಿಂಗ್ ಸೀಟು ಸಿಗದ, ಸಿಕ್ಕರೂ ಶುಲ್ಕ ಕಟ್ಟಲಾಗದ, ಬಿ.ಎ., ಬಿ.ಕಾಂ. ಮುಗಿಸಿಕೊಂಡು ದಾವಣಗೆರೆಯಿಂದಲೋ ಹಾಸನದಿಂದಲೋ ಬಸ್ಸು ಹತ್ತಿದ ಹುಡುಗ ಹುಡುಗಿಯರಿಗೆ ಪಿ.ಎಫ್. ಕಡಿತವಾಗುವ ಸಂಬಳದ ಚೀಟಿ ಮೊದಲ ಸಲ ಕೈಗೆ ಬಂದದ್ದು ಈ ಬಾಗಿಲಿನಿಂದ. ಶಿಫಾರಸು ಬೇಕಿರಲಿಲ್ಲ. ಸಹಿಸಬಲ್ಲ ಇಂಗ್ಲಿಷ್, ಸಹಿಸಿಕೊಳ್ಳುವ ಸ್ವಭಾವ, ಎರಡಿದ್ದರೆ ಸಾಕಿತ್ತು.

ಹೆಣ್ಣುಮಕ್ಕಳಿಗೆ ಅದು ಇನ್ನೂ ದೊಡ್ಡ ಬಾಗಿಲು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮಹಿಳೆಯರನ್ನು ರಾತ್ರಿ ದುಡಿಸುವುದನ್ನು ನಿಷೇಧಿಸಿತ್ತು. ಅಮೆರಿಕದ ಹಗಲು ನಮ್ಮ ರಾತ್ರಿಯಾದ್ದರಿಂದ 2002ರಲ್ಲಿ ಐಟಿ ಮತ್ತು ಐಟಿ ಆಧಾರಿತ ಸೇವೆಗಳಿಗೆಂದು ಆ ನಿಷೇಧವನ್ನು ಸಡಿಲಿಸಲಾಯಿತು. 2005ರ ಡಿಸೆಂಬರಿನಲ್ಲಿ ಪಾಳಿಗೆ ಹೊರಟಿದ್ದ ಯುವತಿಯೊಬ್ಬಳನ್ನು ಆಕೆಯ ಕ್ಯಾಬಿನ ಚಾಲಕನ ವೇಷದಲ್ಲಿ ಬಂದವನು ಕೊಂದ ಮೇಲೆ, ಆ ಸಡಿಲಿಕೆಗೆ ಕಟ್ಟಬೇಕಾದ ಬೆಲೆಯೂ ಊರಿಗೆ ಗೊತ್ತಾಯಿತು. ಆದರೂ ಹುಡುಗಿಯರು ಹೋಗುವುದನ್ನು ನಿಲ್ಲಿಸಲಿಲ್ಲ. ತಂಗಿಯ ಓದು, ಮನೆಯ ಸಾಲ, ಮದುವೆಯನ್ನು ಎರಡು ವರ್ಷ ಮುಂದೆ ಹಾಕುವ ಧೈರ್ಯ, ಎಲ್ಲ ಆ ಸಂಬಳದಲ್ಲಿ ಇದ್ದವು. ‘ಅದೂ ಒಂದು ಕೆಲಸವಾ’ ಎನ್ನುವವರ ಮನೆಗಳಲ್ಲಿ ಇವು ಯಾವುವೂ ಕಾಲ್ ಸೆಂಟರ್ ಸಂಬಳವನ್ನು ಕಾದು ಕೂತಿರಲಿಲ್ಲ.

ಕೆಲಸ ಯಾಂತ್ರಿಕವಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಏನು ಹೇಳಬೇಕೆಂಬುದಕ್ಕೆ ಸ್ಕ್ರಿಪ್ಟು, ಎಷ್ಟು ಹೊತ್ತು ಮಾತಾಡಬೇಕೆಂಬುದಕ್ಕೆ ಸೆಕೆಂಡುಗಳಲ್ಲಿ ಅಳೆಯುವ ಎಎಚ್‌ಟಿ (ಸರಾಸರಿ ಕರೆ ಅವಧಿ), ತಾಯಿನುಡಿಯ ವಾಸನೆ ಬಂದರೆ ‘ಎಂಟಿಐ’ ಎಂದು ಕಳೆಯುವ ಅಂಕ, ಶೌಚಾಲಯಕ್ಕೆ ಹೋದರೂ ಪರದೆಯ ಮೇಲೆ ಮೂಡುವ ಲೆಕ್ಕ. ವಾರಗಟ್ಟಲೆ ಕೂತು ಕಲಿಯಬೇಕಿದ್ದ ಆ ಉಚ್ಚಾರಣೆಯನ್ನು ಈಗ ಸಾನಾಸ್ ಎಂಬ ತಂತ್ರಾಂಶ ಮಾತಾಡುತ್ತಿರುವಾಗಲೇ ಬದಲಿಸುತ್ತದೆ; ಜಗತ್ತಿನ ಅತಿದೊಡ್ಡ ಕಾಲ್ ಸೆಂಟರ್ ಕಂಪನಿಯಾದ ಟೆಲಿಪರ್ಫಾರ್ಮೆನ್ಸ್ ಅದನ್ನು ಭಾರತದ ತನ್ನ ನೌಕರರ ದನಿಗೆ ಅಳವಡಿಸುತ್ತಿದೆ. ಆದರೆ ಇಷ್ಟೆಲ್ಲ ಕಟ್ಟುಪಾಡುಗಳ ನಡುವೆಯೂ ಒಳ್ಳೆಯ ಏಜೆಂಟ್ ಯಾರು, ಸಾಧಾರಣ ಏಜೆಂಟ್ ಯಾರು ಎಂಬುದು ಫ್ಲೋರಿನ ಎಲ್ಲರಿಗೂ ಗೊತ್ತಿರುತ್ತಿತ್ತು. ಸಿಟ್ಟಾದವನನ್ನು ಮೊದಲ ಅರ್ಧ ನಿಮಿಷ ತಡೆಯದೆ ಮಾತಾಡಲು ಬಿಡಬೇಕು ಎಂದು, ‘ಇಂಟರ್‌ನೆಟ್ ಬರುತ್ತಿಲ್ಲ’ ಎನ್ನುವ ಮುದುಕಿಗೆ ನಿಜವಾಗಿ ಬೇಕಿರುವುದು ಪಾಸ್‌ವರ್ಡ್ ಎಂದು ಸ್ಕ್ರಿಪ್ಟು ಹೇಳಿಕೊಡುವುದಿಲ್ಲ. ಟೀಮ್ ಲೀಡರ್ ಹೇಳಿಕೊಡುವುದೂ ಕಡಿಮೆ. ಸಾವಿರಾರು ಕರೆಗಳಲ್ಲಿ ಪೆಟ್ಟು ತಿಂದು ಕಲಿತದ್ದು ಅದು.

ಆ ಕಲಿಕೆಗೆ ಏನಾಯಿತು ಎಂಬುದಕ್ಕೆ ಈ ಕ್ಷೇತ್ರದಲ್ಲಿ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷ್ಯ ಎರಿಕ್ ಬ್ರಿನ್ಯಾಲ್ಫ್‌ಸನ್, ಡ್ಯಾನಿಯೆಲ್ ಲಿ ಮತ್ತು ಲಿಂಡ್ಸಿ ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು 2023ರಲ್ಲಿ ಹೊರತಂದ ಅಧ್ಯಯನ. ಅಮೆರಿಕದ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರ ಪರವಾಗಿ ಗ್ರಾಹಕರೊಂದಿಗೆ ಚಾಟ್ ಮಾಡುತ್ತಿದ್ದ ಐದು ಸಾವಿರಕ್ಕೂ ಹೆಚ್ಚು ಏಜೆಂಟರನ್ನು ಅವರು ಗಮನಿಸಿದರು, ಹೆಚ್ಚಿನವರು ಫಿಲಿಪ್ಪೀನ್ಸಿನವರು. ಹಳೆಯ ಸಂಭಾಷಣೆಗಳಿಂದ ತರಬೇತಾದ ಎಐ ಸಹಾಯಕ ಪರದೆಯ ಬದಿಯಲ್ಲಿ ‘ಹೀಗೆ ಹೇಳಿ ನೋಡಿ’ ಎಂದು ಸೂಚಿಸುತ್ತಿತ್ತು. ಗಂಟೆಗೆ ಬಗೆಹರಿಸಿದ ಸಮಸ್ಯೆಗಳ ಸಂಖ್ಯೆ ಸರಾಸರಿ ಶೇ. 14ರಷ್ಟು ಏರಿತು. ಹೊಸಬರಲ್ಲಿ, ಕೌಶಲ ಕಡಿಮೆ ಇದ್ದವರಲ್ಲಿ ಏರಿಕೆ ಶೇ. 34. ಸಹಾಯಕನನ್ನು ಬಳಸಿದ, ಎರಡೇ ತಿಂಗಳು ಹಳಬನಾದ ಏಜೆಂಟ್, ಅದಿಲ್ಲದ ಆರು ತಿಂಗಳ ಅನುಭವಿಗೆ ಸಮನಾದ. ಅತ್ಯುತ್ತಮ ಏಜೆಂಟರಿಗೆ ಮಾತ್ರ ಲಾಭವೇನೂ ಆಗಲಿಲ್ಲ.

ಆಗುವುದು ಹೇಗೆ? ಯಂತ್ರ ಹೇಳುತ್ತಿದ್ದದ್ದು ಅವರದೇ ಮಾತು. ಯಾವ ಸಂಭಾಷಣೆಗಳು ಚೆನ್ನಾಗಿ ಮುಗಿದಿವೆ ಎಂದು ನೋಡಿ, ಅವುಗಳ ವರಸೆಯನ್ನು ಹೆಕ್ಕಿ, ಅದು ಉಳಿದವರಿಗೆ ಹಂಚಿತು. ನುರಿತವರಿಗೆ ಈ ಹಂಚಿಕೆಗಾಗಿ ಪ್ರತ್ಯೇಕವಾಗಿ ಏನೂ ಸಿಗುವುದಿಲ್ಲ ಎಂಬುದನ್ನು ಅಧ್ಯಯನ ನಡೆಸಿದವರೇ ಎತ್ತಿ ತೋರಿಸಿದ್ದಾರೆ. ಪತ್ರಿಕೆಗಳು ಇದನ್ನು ‘ಎಐ ಬಡವರ ಬಂಧು’ ಎಂಬಂತೆ ವರದಿ ಮಾಡಿದವು, ಹೊಸಬರಿಗೆ ಅನುಕೂಲವಾದದ್ದೂ ಸುಳ್ಳಲ್ಲ. ಆದರೆ ಮುಂದಿನ ಹೆಜ್ಜೆಯನ್ನು ಊಹಿಸಲು ಅರ್ಥಶಾಸ್ತ್ರ ಓದಿರಬೇಕಿಲ್ಲ. ಒಳ್ಳೆಯ ಏಜೆಂಟಿನ ಮಾತನ್ನು ಸಾಧಾರಣ ಏಜೆಂಟಿನ ಪರದೆಗೆ ದಾಟಿಸಬಹುದಾದರೆ, ನಡುವಿನ ಆ ಸಾಧಾರಣ ಏಜೆಂಟ್ ಯಾಕೆ ಬೇಕು?

ಬೆಂಗಳೂರಿನ ದುಕಾನ್ ಎಂಬ ಸ್ಟಾರ್ಟಪ್ಪಿನ ಮುಖ್ಯಸ್ಥ ಸುಮಿತ್ ಶಾ 2023ರ ಜುಲೈನಲ್ಲಿ ಈ ಪ್ರಶ್ನೆಗೆ ಸಾರ್ವಜನಿಕವಾಗಿಯೇ ಉತ್ತರ ಕೊಟ್ಟರು. ಗ್ರಾಹಕ ಸೇವೆಯ ಶೇ. 90ರಷ್ಟು ಸಿಬ್ಬಂದಿಯನ್ನು ತೆಗೆದು ಚಾಟ್‌ಬಾಟ್ ಕೂರಿಸಿದೆವು, ಖರ್ಚು ಶೇ. 85ರಷ್ಟು ಇಳಿಯಿತು ಎಂದು ಘೋಷಿಸಿ, ಎಲ್ಲೆಡೆಯಿಂದ ಛೀಮಾರಿ ಹಾಕಿಸಿಕೊಂಡರು. ಅವರ ತಪ್ಪು, ನನ್ನ ಪ್ರಕಾರ, ಬಾಯಿಬಿಟ್ಟು ಹೇಳಿದ್ದು. ಉಳಿದವರು ಹೇಳುವುದಿಲ್ಲ, ಹೇಳುವ ಅಗತ್ಯವೂ ಅವರಿಗಿಲ್ಲ. ಪ್ರತಿವರ್ಷ ಮೂವರಲ್ಲಿ ಒಬ್ಬರು ತಾವಾಗಿಯೇ ಬಿಟ್ಟುಹೋದರೂ ಯಾರೂ ಅಚ್ಚರಿಪಡದ ಉದ್ಯಮ ಇದು. ಬಿಟ್ಟವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳದಿದ್ದರೆ ಆಯಿತು. ರಾಯ್ಟರ್ಸ್ 2025ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ಬಿಪಿಒ ವಲಯದಲ್ಲಿರುವವರು ಸುಮಾರು ಹದಿನಾರೂವರೆ ಲಕ್ಷ ಜನ. ಹಿಂದೆ ವರ್ಷಕ್ಕೆ ಲಕ್ಷಕ್ಕೂ ಮಿಕ್ಕಿ ಬೆಳೆಯುತ್ತಿದ್ದ ಈ ಸಂಖ್ಯೆ ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ತಲಾ ಹದಿನೇಳು ಸಾವಿರವೂ ಬೆಳೆದಿಲ್ಲ. ಯಾರನ್ನೂ ಹೊರಹಾಕಿದ ಸುದ್ದಿಯಿಲ್ಲ, ಗೇಟಿನ ಮುಂದೆ ಧರಣಿಯಿಲ್ಲ. ಈ ವರ್ಷ ಪದವಿ ಮುಗಿಸಿದ ಹುಡುಗಿಗೆ ಸಂದರ್ಶನದ ಕರೆ ಬಂದಿಲ್ಲ, ಅಷ್ಟೆ. ಅದು ಯಾವ ಅಂಕಿಅಂಶದಲ್ಲೂ ‘ಉದ್ಯೋಗನಷ್ಟ’ ಎಂದು ದಾಖಲಾಗುವುದಿಲ್ಲ.

ಇಲ್ಲಿ ಕೆಲವರು ವಿದೇಶದ ಕೆಲವು ಪ್ರಸಂಗಗಳನ್ನು ತೆಗೆದು ಧೈರ್ಯ ಹೇಳುತ್ತಾರೆ. ಸ್ವೀಡನ್ನಿನ ಕ್ಲಾರ್ನಾ ಕಂಪನಿ 2024ರ ಫೆಬ್ರವರಿಯಲ್ಲಿ ತನ್ನ ಎಐ ಸಹಾಯಕ 700 ಪೂರ್ಣಾವಧಿ ಏಜೆಂಟರ ಕೆಲಸ ಮಾಡುತ್ತಿದೆ, ಹನ್ನೊಂದು ನಿಮಿಷ ಹಿಡಿಯುತ್ತಿದ್ದದ್ದು ಎರಡು ನಿಮಿಷದೊಳಗೆ ಮುಗಿಯುತ್ತಿದೆ ಎಂದು ಸಾರಿತು. ಆ ಸುದ್ದಿಗೇ ಟೆಲಿಪರ್ಫಾರ್ಮೆನ್ಸ್ ಷೇರು ಮುಗ್ಗರಿಸಿತು. ಮರುವರ್ಷದ ಮೇ ತಿಂಗಳಲ್ಲಿ ಅದೇ ಕ್ಲಾರ್ನಾದ ಮುಖ್ಯಸ್ಥರು, ಖರ್ಚಿಗೆ ಅತಿಯಾಗಿ ಒತ್ತುಕೊಟ್ಟು ಗುಣಮಟ್ಟ ಕೆಟ್ಟಿತೆಂದು ಒಪ್ಪಿಕೊಂಡು ಮತ್ತೆ ಮನುಷ್ಯರನ್ನು ಹುಡುಕಲು ಹೊರಟರು. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 2025ರಲ್ಲಿ ವಾಯ್ಸ್ ಬಾಟ್ ಬಂದದ್ದರಿಂದ 45 ಹುದ್ದೆ ಬೇಡವಾಯಿತೆಂದಿತು. ಕರೆಗಳು ಇಳಿಯುವ ಬದಲು ಏರುತ್ತಿವೆ, ಟೀಮ್ ಲೀಡರುಗಳನ್ನೇ ಫೋನಿಗೆ ಕೂರಿಸಲಾಗುತ್ತಿದೆ ಎಂದು ನೌಕರರ ಸಂಘ ವ್ಯಾಜ್ಯ ಹೂಡಿದ ಮೇಲೆ, ಆಗಸ್ಟಿನಲ್ಲಿ ಕ್ಷಮೆ ಕೇಳಿ ಆದೇಶ ಹಿಂತೆಗೆದುಕೊಂಡಿತು.

ನನಗೆ ಇದರಿಂದ ಧೈರ್ಯವೇನೂ ಬರುವುದಿಲ್ಲ. ಯಂತ್ರ ಮನುಷ್ಯನಷ್ಟು ಚೆನ್ನಾಗಿರಬೇಕೆಂಬ ಷರತ್ತನ್ನು ಮಾರುಕಟ್ಟೆ ಹಾಕಿಯೇ ಇಲ್ಲ. ಗ್ರಾಹಕ ಬಿಟ್ಟುಹೋಗದಷ್ಟು ಚೆನ್ನಾಗಿದ್ದರೆ ಸಾಕು. ಎಲ್ಲ ಕಂಪನಿಗಳೂ ಒಟ್ಟಿಗೆ ಕೆಟ್ಟರೆ ಅವನು ಬಿಟ್ಟು ಹೋಗುವುದಾದರೂ ಎಲ್ಲಿಗೆ? ಈ ಉದ್ಯಮದಲ್ಲಿ ಬಾಟಿನ ಯಶಸ್ಸನ್ನು ಅಳೆಯುವ ಪ್ರಮುಖ ಅಂಕಿ ‘ಕಂಟೇನ್‌ಮೆಂಟ್ ರೇಟ್’. ನೂರು ಕರೆಗಳಲ್ಲಿ ಎಷ್ಟು ಮನುಷ್ಯನ ತನಕ ಬರಲಿಲ್ಲ ಎಂಬುದರ ಲೆಕ್ಕ ಅದು. ಸಮಸ್ಯೆ ಬಗೆಹರಿದು ತೃಪ್ತಿಯಿಂದ ಫೋನಿಟ್ಟವರೂ, ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಎಂಬುದನ್ನು ನಾಲ್ಕನೇ ಬಾರಿ ಕೇಳಿ ರೋಸಿ ಫೋನಿಟ್ಟವರೂ ಅದರಲ್ಲಿ ಒಂದೇ. ಕಲಬುರಗಿಯ ಕಡೆಯ ರೈತ ತನ್ನ ಕನ್ನಡದಲ್ಲಿ ಖಾತೆಯಿಂದ ಹೋದ ದುಡ್ಡಿನ ಬಗ್ಗೆ ಕೇಳಿ, ಪುಸ್ತಕದ ಕನ್ನಡ ಕಲಿತ ಬಾಟಿಗೆ ಅದು ತಿಳಿಯದೆ, ಅವನು ಸುಮ್ಮನಾದನೆನ್ನಿ: ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಅದು ಗೆಲುವು. ಅವನು ಮರುದಿನ ಕೂಲಿ ಬಿಟ್ಟು, ಬಸ್ಸು ಹತ್ತಿ ತಾಲ್ಲೂಕಿನ ಶಾಖೆಗೆ ಹೋದ ಖರ್ಚು ಯಾರ ಡ್ಯಾಶ್‌ಬೋರ್ಡಿನಲ್ಲೂ ಇಲ್ಲ. ಉಳಿತಾಯ ಎನ್ನುವುದರಲ್ಲಿ ಒಂದು ಪಾಲು ಹೀಗೆ ಗ್ರಾಹಕನ ಹೆಗಲಿಗೆ ದಾಟಿಸಿದ ದುಡಿಮೆ.

ಬಾಟ್ ತಪ್ಪು ಹೇಳಿದರೆ ಹೊಣೆ ಯಾರದು ಎಂಬ ಪ್ರಶ್ನೆ ಕೆನಡಾದಲ್ಲಿ ಬಂತು. ಸಂಬಂಧಿಕರ ಸಾವಿಗೆ ಹೋಗುವವರಿಗೆ ಸಿಗುವ ರಿಯಾಯಿತಿಯ ಬಗ್ಗೆ ಏರ್ ಕೆನಡಾದ ಚಾಟ್‌ಬಾಟ್ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಜವಾಬ್ದಾರವಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನು ವಿಮಾನ ಕಂಪನಿ ಮುಂದಿಟ್ಟಿತೆಂದು 2024ರ ಫೆಬ್ರವರಿಯ ತೀರ್ಪು ದಾಖಲಿಸುತ್ತದೆ. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪದೆ ಪರಿಹಾರ ಕೊಡಿಸಿತು. ಏಜೆಂಟ್ ಒಬ್ಬ ತಪ್ಪು ಹೇಳಿದ್ದರೆ ಅವನ ಅಂಕ ಹೋಗುತ್ತಿತ್ತು, ಮೂರನೇ ಸಲಕ್ಕೆ ಕೆಲಸವೇ ಹೋಗುತ್ತಿತ್ತು. ಸಂಬಳ ಬೇಡದ ಬಾಟಿಗೆ ಸ್ವಂತ ವ್ಯಕ್ತಿತ್ವವನ್ನು ದಯಪಾಲಿಸಲು ಹೊರಟ ಆ ಕಂಪನಿಯ ಧಾರಾಳತನವನ್ನು ಮೆಚ್ಚಬೇಕು.

ಇನ್ನು, ಹಳೆಯ ಕೆಲಸ ಹೋದರೆ ಹೊಸ ಕೆಲಸ ಬರುತ್ತದೆ ಎಂಬ ವಾದ. ಇದನ್ನು ತಳ್ಳಿಹಾಕಲಾಗದು. ಟೆಲಿಫೋನಿನ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ, ಅದರಲ್ಲೊಂದು ಸಾಕ್ಷಿ ನಮ್ಮ ನೆಲದ್ದು. ಸ್ಯಾಮ್ ಪಿತ್ರೋಡಾ ಕಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರವನ್ನು 1986ರಲ್ಲಿ ಸ್ಥಾಪಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಟ್ರಂಕ್ ಕಾಲ್ ಬುಕ್ ಮಾಡಿ ಆಪರೇಟರ್ ಕರೆಗಾಗಿ ಅರ್ಧ ದಿನ ಕಾಯುತ್ತಿದ್ದ ಕಾಲ ಅಂಥ ಪೆಟ್ಟಿಗೆಗಳಿಂದ ಮುಗಿಯುತ್ತ ಬಂತು. ಆಪರೇಟರ್ ಹುದ್ದೆ ಕರಗಿತು, ಊರೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಹುಟ್ಟಿತು. ಮುಂದೆ ಮೊಬೈಲ್ ಅದನ್ನೂ ನುಂಗಿತು. ಆದರೆ ಕಿತ್ತೂರಿನ ಕಾಲದ ಆಪರೇಟರುಗಳು ಸರ್ಕಾರಿ ನೌಕರರು. ಸ್ವಿಚ್‌ಬೋರ್ಡು ಮುಚ್ಚಿದಾಗ ಇಲಾಖೆ ಅವರನ್ನು ಬೇರೆ ಕುರ್ಚಿಗೆ ಹಚ್ಚಿತು, ಸಂಬಳ ನಿಲ್ಲಲಿಲ್ಲ.

ಸಂಬಳ ನಿಂತಲ್ಲಿ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನೋಡಬಹುದು. 1920ರಿಂದ 1940ರ ನಡುವೆ ಎಟಿ ಆ್ಯಂಡ್ ಟಿ ಕಂಪನಿ ಅಲ್ಲಿನ ಅರ್ಧಕ್ಕೂ ಹೆಚ್ಚು ದೂರವಾಣಿ ಜಾಲವನ್ನು ಸ್ವಯಂಚಾಲಿತಗೊಳಿಸಿತು. ಆಪರೇಟರ್ ಕೆಲಸ ಆಗ ಅಮೆರಿಕದ ತರುಣಿಯರ ಅತಿ ಸಾಮಾನ್ಯ ಉದ್ಯೋಗಗಳಲ್ಲಿ ಒಂದು. ಜೇಮ್ಸ್ ಫೈಗನ್‌ಬಾಮ್ ಮತ್ತು ಡೇನಿಯಲ್ ಗ್ರಾಸ್ ಎಂಬ ಸಂಶೋಧಕರು ಜನಗಣತಿಯ ಕಡತಗಳನ್ನು ಜೋಡಿಸಿ ನೋಡಿದಾಗ ಎರಡು ಸಂಗತಿ ಕಂಡವು. ಮುಂದಿನ ತಲೆಮಾರಿನ ಹುಡುಗಿಯರಿಗೆ ಹೆಚ್ಚು ತೊಂದರೆಯಾಗಲಿಲ್ಲ. ಅವರು ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ಬೇರೆ ಕೆಲಸ ಹಿಡಿದರು. ಆದರೆ ಯಂತ್ರ ಬಂದಾಗ ಬೋರ್ಡಿನ ಮುಂದೆ ಕೂತಿದ್ದವರಲ್ಲಿ ಎಷ್ಟೋ ಮಂದಿ ಹತ್ತು ವರ್ಷದ ಮೇಲೂ ಕೆಲಸವಿಲ್ಲದೆ, ಇಲ್ಲವೇ ಮೊದಲಿಗಿಂತ ಕಡಿಮೆ ಕೂಲಿಯಲ್ಲಿ ಇದ್ದರು. ಸಮಾಜ ಚೇತರಿಸಿಕೊಂಡಿತು, ಅವರು ಚೇತರಿಸಿಕೊಳ್ಳಲಿಲ್ಲ. ಹೊಸ ಕೆಲಸ ಬರುತ್ತದೆ ಎನ್ನುವವರು ‘ಯಾರಿಗೆ’ ಎಂಬುದನ್ನು ಸೇರಿಸಿ ಹೇಳಬೇಕು.

ನಮ್ಮಲ್ಲಿ ಆ ಮುಂದಿನ ತಲೆಮಾರಿನ ಬಾಗಿಲೂ ಅಷ್ಟೇನೂ ಅಗಲವಾಗಿಲ್ಲ. ಬೆಂಗಳೂರಿಗೆ ಈಗ ಸಾಲುಗಟ್ಟಿ ಬರುತ್ತಿರುವ ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು (ಜಿಸಿಸಿ) ಹೆಚ್ಚಾಗಿ ಕೇಳುವುದು ಎಂಜಿನಿಯರುಗಳನ್ನು, ಲೆಕ್ಕಪತ್ರದಲ್ಲಿ ಪಳಗಿದವರನ್ನು. ಬಿ.ಎ. ಪಾಸಾದ ಹುಡುಗನಿಗೆ ತಕ್ಷಣ ಸಿಗುವುದು ಸ್ಕೂಟರಿನ ಹಿಂದೆ ಕಟ್ಟಿದ ಊಟದ ಪೆಟ್ಟಿಗೆ, ಹುಡುಗಿಗೆ ಅದೂ ಕಷ್ಟ. ‘ಪ್ರಾಂಪ್ಟ್ ಎಂಜಿನಿಯರ್ ಆಗಿ’ ಎಂದು ಸಲಹೆ ಕೊಡುವ ಭಾಷಣಕಾರರ ಮಾತು ಇಲ್ಲಿಗೆ ಸಾಕು.

ಯಂತ್ರಕ್ಕೆ ಕಲಿಸಿದವರು ಯಾರು ಎಂಬ ಮೊದಲಿನ ಪ್ರಶ್ನೆಗೆ ಈಗ ಬರುತ್ತೇನೆ. ಕಂಪನಿಯ ವಾದ ಸರಳ: ದನಿ ಮುದ್ರಿಸಿಕೊಂಡದ್ದು ನಮ್ಮ ಯಂತ್ರದಲ್ಲಿ, ಕರೆ ನಮ್ಮ ಗ್ರಾಹಕನದು, ಮಾತಾಡಿದವನಿಗೆ ಸಂಬಳ ಕೊಟ್ಟಾಗಿದೆ, ಇನ್ನೇನು ಬಾಕಿ? ಕಾನೂನೂ ಸದ್ಯಕ್ಕೆ ಕಂಪನಿಯ ಕಡೆಗೇ ವಾಲುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಉದ್ಯೋಗದ ಉದ್ದೇಶಗಳಿಗೆ ನೌಕರನ ಮಾಹಿತಿ ಬಳಸಲು ಅವನ ಪ್ರತ್ಯೇಕ ಒಪ್ಪಿಗೆ ಬೇಕಿಲ್ಲ. ಅವನ ಜಾಗದಲ್ಲಿ ಕೂರುವ ಯಂತ್ರಕ್ಕೆ ಪಾಠ ಮಾಡಿಸುವುದು ಅವನದೇ ‘ಉದ್ಯೋಗದ ಉದ್ದೇಶ’ದೊಳಗೆ ಬರುತ್ತದೆಯೇ? ಬಾರದು ಎಂದು ನಾನು ಹೇಳುತ್ತೇನೆ. ಸಂಬಳ ಕೊಟ್ಟದ್ದು ಅಂದಿನ ಕರೆಗೆ ಉತ್ತರಿಸಿದ್ದಕ್ಕೆ. ಹತ್ತು ವರ್ಷದ ಕರೆಗಳನ್ನು ಒಟ್ಟುಮಾಡಿ ಅದರಿಂದ ಮಾರಾಟಕ್ಕೆ ಸಿದ್ಧವಾದ ಸರಕೊಂದನ್ನು ತಯಾರಿಸುವುದು ಬೇರೆಯೇ ವ್ಯವಹಾರ. ಆ ಕರೆ ನಡೆದ ದಿನ ಇಬ್ಬರಲ್ಲಿ ಯಾರ ಮನಸ್ಸಿನಲ್ಲೂ ಅದು ಇರಲಿಲ್ಲ.

ದನಿಗೆ ಬೆಲೆ ಕಟ್ಟುವುದು ಅಸಾಧ್ಯವೇನಲ್ಲ. ಹಾಲಿವುಡ್ಡಿನ ನಟರು 2023ರಲ್ಲಿ 118 ದಿನ ಮುಷ್ಕರ ಹೂಡಿ, ತಮ್ಮ ಡಿಜಿಟಲ್ ಪ್ರತಿರೂಪಕ್ಕೆ ಒಪ್ಪಿಗೆ ಮತ್ತು ಸಂಭಾವನೆ ಎರಡೂ ಬೇಕೆಂದು ಒಪ್ಪಂದಕ್ಕೆ ಬರೆಸಿಕೊಂಡರು. ಅಷ್ಟು ದೂರವೂ ಹೋಗಬೇಕಿಲ್ಲ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಎಐ ತರಬೇತಿಗೆ ಮಾರುತ್ತದೆ. ಗಂಟೆಗೆ ಸುಮಾರು ಐದು ಡಾಲರ್ ಕೊಡುತ್ತದೆ, ಅದೇ ದನಿಯನ್ನು ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೆ ಮತ್ತೆ ಪಾಲು ಸೇರುತ್ತದೆ. ಮನೆಯ ಮೂಲೆಯಲ್ಲಿ ಕೂತು ಬೇರೆಯವರು ಬರೆದ ವಾಕ್ಯ ಓದಿದ ದನಿಗೆ ಗೌರವಧನ ಇದೆ ಎಂದಾದರೆ, ಸಿಟ್ಟಾದ ಗ್ರಾಹಕನನ್ನು ಸ್ವಂತ ಬುದ್ಧಿಯಿಂದ ಸಮಾಧಾನಪಡಿಸಿ ಆ ಸಮಾಧಾನದ ವರಸೆಯನ್ನೇ ಯಂತ್ರಕ್ಕೆ ಒದಗಿಸಿದ ದನಿಗೆ ಯಾಕಿಲ್ಲ?

ಈ ಮಾತಿನ ಸೂಕ್ಷ್ಮ ಬಲ್ಲವರು ಉದ್ಯಮದೊಳಗೇ ಇದ್ದಾರೆ. ಟಾಮಸ್ ಫ್ರೀಡ್‌ಮನ್ ಜಗತ್ತು ಚಪ್ಪಟೆಯಾಗಿದೆ ಎಂದು ಸಾರಿದ 2005ರ ಪುಸ್ತಕದಲ್ಲಿ ಬೆಂಗಳೂರಿನ ಉಚ್ಚಾರಣೆ ತರಗತಿಗಳನ್ನು ಬೆರಗಿನಿಂದ ವರ್ಣಿಸುವುದು ‘24/7 ಕಸ್ಟಮರ್’ ಕಂಪನಿಯನ್ನು ನೋಡಿಯೇ. ಅದೇ ಕಂಪನಿ ಮುಂದೆ ತನ್ನ ಹೆಸರಿಗೆ ‘ಎಐ’ ಅಂಟಿಸಿಕೊಂಡು ವರ್ಚುವಲ್ ಏಜೆಂಟುಗಳನ್ನು ಮಾರತೊಡಗಿತು, ಸ್ಥಾಪಕ ಕಣ್ಣನ್ 2019ರಲ್ಲಿ ಆ ಬಗ್ಗೆ ಪುಸ್ತಕವನ್ನೇ ಬರೆದರು. ಇದು ದ್ರೋಹ ಎಂದು ನಾನು ಹೇಳುವುದಿಲ್ಲ, ವ್ಯಾಪಾರ ಹಾಗೆಯೇ ನಡೆಯುವುದು. ಕಾಲ್ ಸೆಂಟರ್ ನಡೆಸಿದ ಅನುಭವ ಬಂಡವಾಳ ಹೂಡಿದವರನ್ನು ಮುಂದಿನ ಮೆಟ್ಟಿಲಿಗೆ ದಾಟಿಸಿತು. ಅದೇ ಅನುಭವದ ಇನ್ನೊಂದು ಅರ್ಧ ಹೆಡ್‌ಸೆಟ್ಟಿನ ಹಿಂದಿತ್ತು, ಅದು ದಾಟಲಿಲ್ಲ.

ಕರ್ನಾಟಕದಲ್ಲಿ ಅದು ದಾಟುವುದಿರಲಿ, ಲೆಕ್ಕಕ್ಕೆ ಸಿಗುವುದೂ ಕಷ್ಟ. ಕೆಲಸಕ್ಕೆ ಸೇರಿಸುವ, ತೆಗೆಯುವ, ಶಿಸ್ತುಕ್ರಮದ ನಿಯಮಗಳನ್ನು ಮಾಲೀಕ ಬರೆದಿಟ್ಟು ಪ್ರಮಾಣೀಕರಿಸಿಕೊಳ್ಳಬೇಕೆಂಬ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ, ಬಿಪಿಒ ವಲಯಕ್ಕೆ ಮತ್ತೆ ಮತ್ತೆ ವಿನಾಯಿತಿ ಕೊಡುತ್ತ ಬಂತು. 2024ರಲ್ಲಿ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿದರೂ ಇನ್ನೈದು ವರ್ಷ ವಿಸ್ತರಿಸಿತು. ವಿನಾಯಿತಿಗೆ ಷರತ್ತುಗಳಿದ್ದವು, ನೌಕರನನ್ನು ವಜಾಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬುದು ಅವುಗಳಲ್ಲಿ ಒಂದು. ಆದರೆ ವಜಾ ಮಾಡುವವರು ಯಾರು? ಎಚ್‌ಆರ್ ಕರೆದು, ‘ನೀವೇ ರಾಜೀನಾಮೆ ಕೊಟ್ಟರೆ ಅನುಭವ ಪತ್ರ ಚೆನ್ನಾಗಿ ಬರುತ್ತದೆ’ ಎಂದು ನಯವಾಗಿ ಹೇಳಿದರೆ ಮುಗಿಯಿತು. ರಾಜೀನಾಮೆ ಕೊಟ್ಟವನಿಗೆ ತಿಂಗಳ ನೋಟಿಸಿಲ್ಲ, ಸೇವೆಯ ವರ್ಷಕ್ಕೆ ಹದಿನೈದು ದಿನದ ಛಾಂಟಿ (ಉದ್ಯೋಗ ಕಡಿತ) ಪರಿಹಾರವಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಒಂದು ಹೊಸ ಸಂಗತಿ ತಂದಿದೆ: ಛಾಂಟಿಯಾದ ಪ್ರತಿ ಕಾರ್ಮಿಕನಿಗೂ ಮಾಲೀಕ ಹದಿನೈದು ದಿನದ ಸಂಬಳವನ್ನು ಮರುಕೌಶಲ ನಿಧಿಗೆ ಕಟ್ಟಬೇಕು. ಹದಿನೈದು ದಿನದ ಸಂಬಳದಲ್ಲಿ ಯಾವ ಕೌಶಲ ಕಲಿಯಬಹುದೋ ನನಗೆ ತಿಳಿಯದು, ಇರಲಿ. ಅದು ಸಿಗಬೇಕಾದರೂ ಮೊದಲು ಛಾಂಟಿಯಾಗಬೇಕು, ರಾಜೀನಾಮೆ ಆಗಬಾರದು.

ಬ್ಯಾಂಕುಗಳಲ್ಲಿ ಹೀಗಾಗಲಿಲ್ಲ. ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯ ಬ್ಯಾಂಕುಗಳಲ್ಲಿ ದುಡಿದ ಹಿರಿಯರಿಗೆ ಇದು ನೆನಪಿರಬೇಕು. ಕಂಪ್ಯೂಟರ್ ಬರುವ ಮಾತೆದ್ದಾಗ ಸಂಘಗಳು ಕೆರಳಿದವು. 1983ರಲ್ಲಿ, ಮತ್ತೆ 1987ರಲ್ಲಿ, ಯಾವ ಯಂತ್ರ, ಎಷ್ಟು, ಎಲ್ಲಿ, ಅದರ ಮುಂದೆ ಕೂರುವವನಿಗೆ ಎಷ್ಟು ವಿಶೇಷ ಭತ್ಯೆ ಎಂಬುದನ್ನೆಲ್ಲ ಮಾತಾಡಿ ಒಪ್ಪಂದಕ್ಕೆ ಸಹಿ ಹಾಕಲಾಯಿತು. ಆ ಸಂಘಗಳ ಹಟದಿಂದ ಗಣಕೀಕರಣ ತಡವಾಯಿತು, ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತ ಗ್ರಾಹಕ ಅದರ ಬೆಲೆ ತೆತ್ತ ಎಂಬುದೂ ನಿಜವೇ. ಆದರೆ ಯಂತ್ರ ಬಂದ ಮೇಲೂ ಇದ್ದವರು ಇದ್ದರು. 2000–01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಹೊರಟ ಲಕ್ಷದಷ್ಟು ಮಂದಿಯೂ ದುಡ್ಡು ಎಣಿಸಿಕೊಂಡೇ ಹೊರಟರು. ಕಾಲ್ ಸೆಂಟರಿನಲ್ಲಿ ಅಂಥ ಒಪ್ಪಂದಕ್ಕೆ ನೌಕರರ ಕಡೆಯಿಂದ ಸಹಿ ಹಾಕುವವರು ಯಾರು? ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ, ‘ಇದು ನನ್ನ ಕಾಯಂ ಕೆಲಸವಲ್ಲ’ ಎಂದು ತನಗೇ ಹೇಳಿಕೊಳ್ಳುವ ಹುಡುಗರು ಸಂಘ ಕಟ್ಟುವುದು ವಿರಳ. ದನಿ ಕೊಟ್ಟವರು ಈಗ ಎಲ್ಲೆಲ್ಲೋ ಚದುರಿದ್ದಾರೆ. ಯಾರ ಯಾವ ಕರೆ ಬಾಟಿನ ಯಾವ ವಾಕ್ಯವಾಯಿತು ಎಂದು ಹುಡುಕಿ ಹಣ ಹಂಚುವುದು ಆಗದ ಮಾತು.

ಆದ್ದರಿಂದ ವ್ಯಕ್ತಿಗೆ ಕೊಡುವ ದಾರಿ ಬಿಟ್ಟು ನಿಧಿಯ ದಾರಿ ಹಿಡಿಯಬೇಕು. ಅದಕ್ಕೆ ಬೇಕಾದ ಮೀಟರನ್ನು ಉದ್ಯಮವೇ ಅಳವಡಿಸಿಕೊಂಡಿದೆ. ಸೇಲ್ಸ್‌ಫೋರ್ಸ್ 2024ರಲ್ಲಿ ತನ್ನ ಎಐ ಏಜೆಂಟನ್ನು ಮಾರುಕಟ್ಟೆಗೆ ಬಿಟ್ಟಾಗ ಒಂದು ಸಂಭಾಷಣೆಗೆ ಎರಡು ಡಾಲರ್ ದರ ಹೇಳಿತು. ಇಂಟರ್‌ಕಾಮ್ ಕಂಪನಿಯ ಬಾಟ್ ಬಗೆಹರಿಸಿದ ಪ್ರತಿ ಸಮಸ್ಯೆಗೆ 99 ಸೆಂಟ್ ಎಣಿಸುತ್ತದೆ. ಮನುಷ್ಯರ ಬದಲು ಬಾಟ್ ಎಷ್ಟು ಮಾತಾಡಿತು ಎಂಬುದು ಪೈಸೆ ಲೆಕ್ಕದಲ್ಲಿ ಬಿಲ್ಲಾಗುತ್ತಿದೆ. ಇತ್ತ ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಪ್ಲಾಟ್‌ಫಾರ್ಮುಗಳಲ್ಲಿ ಪ್ರತಿ ವಹಿವಾಟಿಗೆ ಕಾರ್ಮಿಕನಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಿಸುವ ವ್ಯವಸ್ಥೆ ಮಾಡಿದೆ. ಊಟ ತಲುಪಿಸಿದ ಪ್ರತಿ ಸಲವೂ ಒಂದಿಷ್ಟು ಪಾಲು ತೆಗೆದಿಡಬಹುದಾದರೆ, ಬಾಟ್ ಮಾತಾಡಿ ಮುಗಿಸಿದ ಪ್ರತಿ ಸಲವೂ ತೆಗೆದಿಡಬಹುದು. ಬಿಪಿಒದಲ್ಲಿ ದುಡಿದು ಪಿ.ಎಫ್. ಖಾತೆಯಲ್ಲಿ ಗುರುತು ಉಳಿಸಿಹೋದ ಯಾರಾದರೂ ಆ ನಿಧಿಯಿಂದ ವರ್ಷವೊಂದರ ಓದಿಗೋ ಕೆಲಸ ಹುಡುಕುವ ತಿಂಗಳುಗಳ ಖರ್ಚಿಗೋ ಹಕ್ಕಿನಿಂದ ಕೇಳುವಂತಾಗಬೇಕು. ರಾಜೀನಾಮೆಯೋ ಛಾಂಟಿಯೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಬಂಡವಾಳ ಓಡಿಹೋಗುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಬ್ಯಾಂಕಿನ ಬಾಟ್ ವರ್ಜೀನಿಯಾದ ಸರ್ವರಿನಲ್ಲಿ ಮಾತಾಡಿದರೆ ಬೆಂಗಳೂರಿನ ಕೈಗೆ ಏನೂ ಸಿಗದು. ರಫ್ತಿನ ಕೆಲಸದಲ್ಲಿ ಕಳೆದುಕೊಂಡದ್ದರ ಬಹುಪಾಲನ್ನು ಹೀಗೆ ವಸೂಲು ಮಾಡಲಾಗುವುದಿಲ್ಲ. ಆದರೆ ಭಾರತದ ಗ್ರಾಹಕರಿಗೆ ಭಾರತದ ಭಾಷೆಗಳಲ್ಲಿ ಸೇವೆ ಕೊಡುವ ಬ್ಯಾಂಕು, ವಿಮೆ, ಟೆಲಿಕಾಂ, ಆನ್‌ಲೈನ್ ಅಂಗಡಿಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಅವುಗಳ ಗ್ರಾಹಕರು ಇಲ್ಲಿದ್ದಾರೆ. ಬಾಗೇಪಲ್ಲಿಯಂಥ ಊರಿನಲ್ಲಿ ರೂರಲ್‌ಶೋರ್ಸ್ 2008ರ ಹೊತ್ತಿಗೆ ತೆರೆದ ಗ್ರಾಮೀಣ ಬಿಪಿಒ, ಸಣ್ಣ ಪಟ್ಟಣಗಳಿಗೆಂದು ಕೇಂದ್ರ ಸರ್ಕಾರ ಸಹಾಯಧನ ಕೊಟ್ಟು ಹಂಚಿದ 48,300 ಸೀಟುಗಳ ಯೋಜನೆ, ಇವುಗಳ ಬಲ ಇದ್ದದ್ದು ಪ್ರಾದೇಶಿಕ ಭಾಷೆಯಲ್ಲಿ ಮಾತಾಡಬಲ್ಲವರಲ್ಲಿ. ಮೊದಲು ಕಾಯಬೇಕಾದ್ದು ಈ ದೇಶೀ ಕೆಲಸಗಳನ್ನು.

ಕಾಯಲು ಒಂದು ಉಪಕರಣ ಕೈಯಲ್ಲೇ ಇದೆ, ಯಾರೂ ಅದನ್ನು ಈ ದೃಷ್ಟಿಯಿಂದ ನೋಡಿದಂತಿಲ್ಲ. ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ, ಟೆಲಿಕಾಂ ಕಂಪನಿಗಳಲ್ಲಿ ಆಪರೇಟರನ್ನು ಕೇಳಿ ಬರುವ ಕರೆಗಳಲ್ಲಿ ಶೇ. 95ಕ್ಕೆ ತೊಂಬತ್ತು ಸೆಕೆಂಡಿನೊಳಗೆ ಆಪರೇಟರ್ ದನಿಗೆ ದನಿಯಾಗಿ ಉತ್ತರಿಸಬೇಕು. ಅಮೆರಿಕದ ಸೆನೆಟರುಗಳಿಬ್ಬರು 2025ರಲ್ಲಿ ಮಂಡಿಸಿದ ಮಸೂದೆ, ಮಾತಾಡುತ್ತಿರುವುದು ಎಐ ಎಂದು ತಿಳಿಸಬೇಕು, ಕೇಳಿದರೆ ಮನುಷ್ಯನಿಗೆ, ಅದೂ ಅಮೆರಿಕದಲ್ಲಿರುವವನಿಗೆ, ದಾಟಿಸಬೇಕು ಎನ್ನುತ್ತದೆ. ಅದರ ಕಣ್ಣು ನಮ್ಮ ಕೆಲಸಗಳ ಮೇಲೂ ಇದೆ. ಅವರು ತಮ್ಮ ನೌಕರರಿಗಾಗಿ ಕೇಳುತ್ತಿರುವುದನ್ನು ನಾವು ನಮ್ಮ ಗ್ರಾಹಕರ ಹೆಸರಿನಲ್ಲಾದರೂ ಕೇಳಬಹುದಲ್ಲ. ಟ್ರಾಯ್ ಟೆಲಿಕಾಂಗೆ ಹಾಕಿದ ತೊಂಬತ್ತು ಸೆಕೆಂಡಿನ ಗೆರೆಯನ್ನು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ, ವಿಮಾ ನಿಯಂತ್ರಕರು ವಿಮಾ ಕಂಪನಿಗಳಿಗೆ ಹಾಕಲಿ. ‘ಆಪರೇಟರ್’ ಎಂದರೆ ಮನುಷ್ಯ ಎಂದು, ಅವನು ಗ್ರಾಹಕನ ಭಾಷೆಯವನೆಂದು ಬರೆದೇ ಬಿಡಲಿ. ನೂರರಲ್ಲಿ ಎಪ್ಪತ್ತು ಜನ ಬಾಟಿನಲ್ಲೇ ತೃಪ್ತರಾಗಿ ಹೋಗಲಿ, ಬೇಡವೆಂದವರಾರು? ಬಾಕಿ ಮೂವತ್ತು ಮಂದಿಗೆ ಉತ್ತರಿಸಲು ಹಾಸನದ ಹುಡುಗಿಗೆ ಕುರ್ಚಿ ಇರುತ್ತದೆ. ಸುಲಭದ ಕರೆಗಳೆಲ್ಲ ಬಾಟಿಗೆ ಹೋಗಿ ಗಂಟು ಬಿದ್ದವಷ್ಟೇ ಅವಳಿಗೆ ಬರುವುದರಿಂದ, ಅವಳ ಎಎಚ್‌ಟಿಯನ್ನು ಸೆಕೆಂಡುಗಳಲ್ಲಿ ಅಳೆಯುವುದನ್ನೂ, ಹಳೆಯ ಸಂಬಳವನ್ನೇ ಕೊಡುವುದನ್ನೂ ಆಗ ಕಂಪನಿಗಳು ಬಿಡಬೇಕಾಗುತ್ತದೆ.